ಹಳ್ಳ ದಾಟಲು ಕೊಂಡ ಟಯರುಗಳು

ಕಳೆದ ವರ್ಷ ಜುಲೈ ತಿಂಗಳ ಎರಡನೇ ಗುರುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಅಗಸೂರಿನಿಂದ ಎರಡು ಕಿಲೋಮೀಟರ್ ಒಳಗಿರುವ ಹಳ್ಳದ ಮುಳುಗು ಸೇತುವೆಯ ಮೇಲೆ ನನ್ನ ಅಣ್ಣನ ಗಾಡಿ ನಿಂತುಹೋಯಿತು. ಗಾಡಿಯಲ್ಲಿ ಮೂವರಿದ್ದೆವು. ಓಡಿಸುತ್ತಿದ್ದವನು ಅಣ್ಣ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ, ನಾನು ವೈನಿ ಎಂದು ಕರೆಯುವವರು. ಮುಂದೆ ಅಣ್ಣನ ಪಕ್ಕ ನಾನು. ಗಾಡಿಯ ನಾಲ್ಕೂ ಟಯರು ಹೊಸವು. ಹಾಕಿಸಿ ಏಳು ವಾರವಾಗಿತ್ತು.

ವೈನಿಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಆಗ ಒಂದೂವರೆ ವರ್ಷ. ಪ್ರತಿ ಸೋಮವಾರ ಮತ್ತು ಗುರುವಾರ ಕಾರವಾರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅವರಿಗೆ ಸಿಕ್ಕಿದ್ದು ಬೆಳಿಗ್ಗೆ ಒಂಬತ್ತರ ಸರದಿ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ತಡವಾದಷ್ಟೂ ಆ ನೀರು ಶ್ವಾಸಕೋಶದ ಕಡೆಗೆ ಹೋಗುತ್ತದೆ ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ಅಣ್ಣ ಸೇವಾ ಸಹಕಾರಿ ಸಂಘದಲ್ಲಿ ಗುಮಾಸ್ತ. ಬಸ್ಸಿನಲ್ಲಿ ಹೋಗಿ ಬಂದು ವೈನಿ ಹೈರಾಣಾಗುತ್ತಾರೆಂದು ಏಳು ಸೀಟಿನ ಎತ್ತರದ ಹಳೆಯ ಗಾಡಿಯೊಂದನ್ನು ಕೊಂಡಿದ್ದ. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಇದ್ದ ಗಾಡಿ. ಯಾರೂ ಏನನ್ನೂ ಬದಲಿಸಿರಲಿಲ್ಲ.

ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಮೂರು ಸರದಿ ತಪ್ಪಿದ್ದವು. ಒಂದು ಸಲ ಹಳ್ಳದ ನೀರು ಕಾರಣ. ಇನ್ನೆರಡು ಸಲ ನೀರಲ್ಲ, ಮಣ್ಣು. ಮನೆಯಿಂದ ಹಳ್ಳಕ್ಕೆ ಬರುವ ದಾರಿಯಲ್ಲಿ ಕೆಂಪು ಮಣ್ಣಿನ ಒಂದು ಏರು ಇದೆ. ನಾಲ್ಕು ದಿನ ಮಳೆ ಹಿಡಿದರೆ ಅಲ್ಲಿ ಚಕ್ರ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಎರಡು ಸಲವೂ ಅಣ್ಣ ತೆಂಗಿನ ಗರಿ, ಗೋಣಿಚೀಲ ಹಾಸಿ ಒಂದು ಗಂಟೆ ಗುದ್ದಾಡಿ ಕೊನೆಗೆ ವೈನಿಯನ್ನು ಮನೆಗೆ ವಾಪಸು ನಡೆಸಿದ. ಹಾಗಾಗಿ ಮೇ ತಿಂಗಳಲ್ಲಿ ನನಗೆ ಫೋನು ಮಾಡಿ, ದೊಡ್ಡ ಟಯರು ಹಾಕಿಸುವುದೆಂದು ತೀರ್ಮಾನಿಸಿದ್ದೇನೆ, ನೀನೂ ಬಾ ಎಂದ.

"ನಾ ಬಂದು ಎಂತ ಮಾಡೂದು ಅಣ್ಣಾ? ನಂಗೆ ಟಯರಿನ ಬಗ್ಗೆ ಎಂತ ಗೊತ್ತು?"

"ಪ್ರಶ್ನೆ ಕೇಳೂದೇ ನಿನ್ನ ಕೆಲ್ಸ ಅಲ್ದನೋ? ಬಂದು ಕೇಳು."

ನಾನು ಕಾರವಾರದಲ್ಲಿ ಪತ್ರಿಕೆಯೊಂದರ ವರದಿಗಾರ. ರಜೆ ಹಾಕಿ ಹೋದೆ.

ಮೊದಲು ಮನೆಯಂಗಳದಲ್ಲೇ ಒಂದು ಅಳತೆ ನಡೆಯಿತು. ಟಯರು ದೊಡ್ಡದಾದಷ್ಟೂ ಗಾಡಿ ಎತ್ತರವಾಗುತ್ತದೆ. ವೈನಿಯ ಎಡಗೈಯಲ್ಲಿ ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ್ದರು. ಆ ಕೈಯಿಂದ ಏನನ್ನೂ ಹಿಡಿದು ಎಳೆಯಬಾರದು, ಅದರ ಮೇಲೆ ಭಾರ ಹಾಕಬಾರದು. ಅಂದರೆ ಬಾಗಿಲ ಮೇಲಿನ ಹಿಡಿಕೆಗೆ ಜೋತು ಹತ್ತುವಂತಿಲ್ಲ. ಕಾಲಿನ ಬಲದಲ್ಲೇ ಹತ್ತಬೇಕು. ಗಾಡಿಯ ಮೆಟ್ಟಿಲ ಮೇಲೆ ಅಣ್ಣ ಅರ್ಧ ಇಂಚಿನ ಪ್ಲೈವುಡ್ ತುಂಡುಗಳನ್ನು ಒಂದೊಂದಾಗಿ ಪೇರಿಸುತ್ತ ಹೋದ. ಒಂದು ತುಂಡಿಗೆ ವೈನಿ ಹತ್ತಿದರು. ಎರಡಕ್ಕೆ, ಬಲಗೈಯಿಂದ ಸೀಟು ಹಿಡಿದು, ನಡುವೆ ಉಸಿರು ತೆಗೆದುಕೊಂಡು ಹತ್ತಿದರು. ಮೂರನೆಯದಕ್ಕೆ ಕಾಲು ಅರ್ಧಕ್ಕೆ ಹೋಗಿ ಕೆಳಗೆ ಬಂತು.

"ನೀವು ಗಾಡಿಗೆ ಟಯರ್ ತಕಂತ್ರೋ, ನಂಗೆ ಚಪ್ಲಿ ತಕಂತ್ರೋ?" ಎಂದರು ವೈನಿ. "ಅಳತೆ ಎಲ್ಲಾ ನನ್ ಕಾಲಿಂದೇ."

"ಸುಮ್ನೆ ನಿಂತ್ಕ. ಇನ್ನೊಂದ್ಸಲ ಎತ್ತು," ಎಂದ ಅಣ್ಣ.

"ಎತ್ತೂಕೆ ಆಗೂದಿಲ್ಲ ಅಂದ್ರೆ ಆಗೂದಿಲ್ಲ. ನಾನೆಂತ ಸರ್ಕಸ್ಸಿನವಳಾ?"

ಅಣ್ಣ ಮೂರನೆಯ ತುಂಡನ್ನು ತೆಗೆದು ಅಂಗಳದ ಮೂಲೆಗೆ ಎಸೆದ. ಒಂದು ತುಂಡು ಸರಿ, ಎರಡು ಕಷ್ಟ, ಮೂರು ಸಾಧ್ಯವಿಲ್ಲ ಎಂದು ನಾನು ಬರೆದುಕೊಂಡೆ.

ಟಯರಿನ ಅಂಗಡಿ ಅಂಕೋಲೆಯಲ್ಲಿ, ಹೆದ್ದಾರಿಯ ಪಕ್ಕ. ಮೂವರೂ ಹೋದೆವು. ಮಾಲೀಕನಿಗೆ ಅರವತ್ತು ದಾಟಿತ್ತು. ಅಂಕೋಲೆ, ಕಾರವಾರ, ಗೋವಾ ಮೂರೂ ಕಡೆ ಟಯರು ಬಿಚ್ಚಿ ಹಾಕಿದ ಮನುಷ್ಯ. ಅಣ್ಣ ನೇರವಾಗಿ ಗೋಡೆಗೆ ಒರಗಿಸಿಟ್ಟ ಅತಿ ದೊಡ್ಡ ಟಯರಿನ ಹತ್ತಿರ ಹೋಗಿ ನಿಂತ. ಮೂವತ್ತೊಂದು ಇಂಚು ಎತ್ತರದ್ದು, ಹಲ್ಲುಗಳು ಬೆರಳು ಹೋಗುವಷ್ಟು ಆಳ.

"ಸೊಸೈಟಿಯವ್ರೇ, ಅದನ್ನ ಹಾಕಿ ಅಂಬಾರಿ ಹೊರಸ್ತ್ರಾ?" ಎಂದ ಅಂಗಡಿಯವ.

"ಎಂತಕ್ಕೆ, ಕೂರೂದಿಲ್ವಾ?"

"ಕೂರ್ತದೆ. ಸ್ಟೇರಿಂಗ್ ತಿರುಗ್ಸಿದ್ರೆ ಮಡ್‌ಗಾರ್ಡ್ ತಿಂತದೆ. ಅದಕ್ಕೆ ಸ್ಪ್ರಿಂಗ್ ಎತ್ತರ್ಸಬೇಕು, ತಗಡು ಕೊಯ್ಯಬೇಕು. ಇದ್ದ ಗಾಡಿಗೆ ಇದ್ದ ಹಾಗೇ ಹಾಕೂದು ಅಂದ್ರೆ ಒಂದು ಮಿತಿ ಉಂಟು."

ನಾನು ಕೇಳಿದೆ, ಅವನು ಹೇಳಿದ. ಹಳೆಯ ಟಯರಿನ ಮೇಲಿದ್ದ ಬರಹ 215/75 ಆರ್ 15. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು, ಪಕ್ಕದ ಗೋಡೆ ಆ ಅಗಲದ ನೂರಕ್ಕೆ ಎಷ್ಟು ಪಾಲು ಎಂಬುದು. ಕೊನೆಯದು ಒಳಗಿನ ರಿಮ್ಮಿನ ಇಂಚು. ಅದೇ ರಿಮ್ಮಿಗೆ 235/75 ಕೂರುತ್ತದೆ. ಟಯರಿನ ಒಟ್ಟು ಎತ್ತರ ಮೂರು ಸೆಂಟಿಮೀಟರ್ ಹೆಚ್ಚುತ್ತದೆ. ಅದರಲ್ಲಿ ಅರ್ಧ ಮಾತ್ರ ಗಾಡಿಯನ್ನು ಮೇಲೆತ್ತುತ್ತದೆ, ಉಳಿದರ್ಧ ಮಡ್‌ಗಾರ್ಡಿನ ಕಡೆಗೆ ಹೋಗುತ್ತದೆ. ಅಂದರೆ ಒಂದೂವರೆ ಸೆಂಟಿಮೀಟರ್, ಹೆಚ್ಚೂ ಕಡಿಮೆ ಒಂದು ಪ್ಲೈವುಡ್ ತುಂಡು. ಮೀಟರಿನ ಮುಳ್ಳು ಅರವತ್ತು ತೋರಿಸುವಾಗ ಗಾಡಿ ಅರವತ್ತೆರಡೂವರೆಯಲ್ಲಿ ಇರುತ್ತದೆ. ಡೀಸೆಲ್ ತುಸು ಹೆಚ್ಚು ಕುಡಿಯುತ್ತದೆ, ಬ್ರೇಕು ತುಸು ತಡವಾಗಿ ಹಿಡಿಯುತ್ತದೆ. ಸ್ಟೆಪ್ನಿಯನ್ನೂ ಅದೇ ಅಳತೆಗೆ ಬದಲಿಸಬೇಕು. ಆಳ ಹಲ್ಲಿನದು ಬೇಕೆಂದು ಅಣ್ಣ ಹಟ ಹಿಡಿದಾಗ ಅಂಗಡಿಯವ ವೈನಿಯ ಕಡೆ ನೋಡಿದ.

"ಅಕ್ಕಾ, ಆ ಟಯರಿಗೆ ಕಾರವಾರದ ತನಕ ಒಂದೇ ಸಮನೆ ಸದ್ದು. ಅಡ್ಡಿಲ್ವಾ?"

"ಡಯಾಲಿಸಿಸ್ ಮುಗ್ಸಿ ಬರೂವಾಗ ತಲೆ ಸಿಡೀತದೆ ನಂಗೆ," ಎಂದರು ವೈನಿ. "ಸದ್ದು ಬೇಡ."

ಹೀಗೆ ಮಣ್ಣಿಗೂ ಡಾಂಬರಿಗೂ ನಡೆಯುವ ನಡುಹಲ್ಲಿನ ಟಯರು ನಿಗದಿಯಾಯಿತು. ಹಾಕಿದ ಮೇಲೆ ಅವನು ನಮ್ಮನ್ನು ಹೋಗಲು ಬಿಡಲಿಲ್ಲ. ಖಾಲಿ ಗಾಡಿಗೆ ಯಾವ ಟಯರೂ ಉಜ್ಜುವುದಿಲ್ಲ, ಭಾರ ಹಾಕಿ ನೋಡಬೇಕು ಎಂದು ಪಕ್ಕದ ಚಹಾದಂಗಡಿಯಲ್ಲಿ ಕೂತಿದ್ದ ನಾಲ್ವರನ್ನು ಕರೆದು ಒಳಗೆ ಕೂರಿಸಿದ. ಮುಂದಿನ ಎರಡು ಟಯರಿನ ಹೆಗಲಿಗೆ ನೀಲಿ ಸೀಮೆಸುಣ್ಣ ಬಳಿದ. ಅಣ್ಣ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಕೊಂಡು ಅಂಗಡಿಯ ಮುಂದಿನ ಉಬ್ಬನ್ನು ಹತ್ತಿ ಇಳಿದ. ಗಾಡಿಯೊಳಗಿನವರಲ್ಲಿ ಒಬ್ಬ, "ಹಾಗೇ ಗೋಕರ್ಣಕ್ಕೆ ಬಿಡು ಮಾರಾಯಾ, ಪುಕ್ಕಟೆ ಬಂದ ಹಾಗಾಯ್ತು" ಎಂದ. ಅಂಗಡಿಯವ ನೆಲಕ್ಕೆ ಒರಗಿ ಬ್ಯಾಟರಿ ಹಾಕಿ ನೋಡಿದ. ಎಡಗಡೆ ಒಳಗಿನ ಪ್ಲಾಸ್ಟಿಕ್ಕಿಗೆ ಉಗುರಿನಷ್ಟು ನೀಲಿ ಹತ್ತಿತ್ತು. ಆ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಒಳಕ್ಕೆ ಒತ್ತಿ, ಇನ್ನೊಮ್ಮೆ ಸುಣ್ಣ ಬಳಿದು, ಇನ್ನೊಮ್ಮೆ ನಾಲ್ವರನ್ನು ಕೂರಿಸಿ ನೋಡಿದ. ಹತ್ತಲಿಲ್ಲ.

ಅವನ ಕೆಲಸದಲ್ಲಿ ಕೊರತೆ ಇರಲಿಲ್ಲ. ಅಂದು ನಾನು ಕೇಳಿದ ಪ್ರಶ್ನೆಗಳು ಹತ್ತೊಂಬತ್ತು, ಪುಸ್ತಕದಲ್ಲಿವೆ. ಗಾಡಿಯ ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಅವುಗಳಲ್ಲಿ ಇಲ್ಲ.

ಜೂನ್ ಬಂತು. ಟಯರು ಮಾಡಬೇಕಾದ ಕೆಲಸ ಮಾಡಿತು. ಮಣ್ಣಿನ ಏರಿನಲ್ಲಿ ಒಮ್ಮೆಯೂ ಜಾರಲಿಲ್ಲ. ಅಣ್ಣ ಪ್ರತಿ ಸೋಮವಾರ, ಗುರುವಾರ ಆಸ್ಪತ್ರೆಯ ಅಂಗಳದಿಂದ ನನಗೆ ಫೋನು ಮಾಡಿ ಅಂದಿನ ವರದಿ ಕೊಡುತ್ತಿದ್ದ.

ಹಳ್ಳದ ಸೇತುವೆಯ ಎರಡೂ ಬದಿಗೆ ಗಿಡ್ಡ ಕಾಂಕ್ರೀಟ್ ಕಂಬಗಳಿವೆ. ಮೊಣಕಾಲಿಗಿಂತ ತುಸು ಮೇಲೆ ಅವುಗಳಿಗೆ ಒಂದೊಂದು ಕೆಂಪು ಪಟ್ಟಿ ಬಳಿದಿದ್ದಾರೆ. ಪಟ್ಟಿ ಪೂರ್ತಿ ಕಂಡರೆ ದಾಟುವುದು, ನೀರು ಪಟ್ಟಿಗೆ ತಾಗಿದರೆ ಕಾಯುವುದು. ಆ ಕೇರಿಯ ಟೆಂಪೊ, ಟ್ರ್ಯಾಕ್ಟರ್, ಬೈಕು ಎಲ್ಲದಕ್ಕೂ ಇದೇ ನಿಯಮ. ಮೇಲೆ ಮಳೆ ನಿಂತರೆ ಎರಡು ಮೂರು ತಾಸಿನಲ್ಲಿ ನೀರು ಇಳಿಯುತ್ತದೆ. ಹಿಂದಿನ ವರ್ಷ ಅಣ್ಣನೂ ಕಾದಿದ್ದ. ಜೂನ್ ಮೂರನೇ ವಾರದ ಒಂದು ದಿನ ಪಟ್ಟಿಯ ಕೆಳಗಿನ ಅಂಚು ಮುಳುಗಿತ್ತು, ದಾಟಿದೆ ಎಂದ. ಮುಂದಿನ ವಾರ ಅರ್ಧ ಪಟ್ಟಿ ಮುಳುಗಿತ್ತು, ದಾಟಿದೆ ಎಂದ. ಜುಲೈ ಮೊದಲ ಸೋಮವಾರ ಮೇಲಿನ ಅಂಚು ಮಾತ್ರ ಕಾಣುತ್ತಿತ್ತಂತೆ. "ಟಯರ್ ಹ್ಯಾಂಗೆ ಹಿಡೀತದೆ ಗೊತ್ತುಂಟಾ? ನೆಲಕ್ಕೆ ಕಚ್ಚಿದ ಹಾಗೆ," ಎಂದ. ಒಳ್ಳೆಯದಾಯಿತು ಎಂದು ನಾನು ಹೇಳಿದೆ.

ಎರಡನೇ ಬುಧವಾರ ಅಂಕೋಲೆಯಲ್ಲಿ ನನಗೆ ವರದಿಯ ಕೆಲಸವಿತ್ತು. ಅದು ಮುಗಿಸಿ ಅಣ್ಣನ ಮನೆಯಲ್ಲಿ ಉಳಿದೆ. ಗುರುವಾರ ಬೆಳಿಗ್ಗೆ ಅವರ ಜೊತೆಗೇ ಕಾರವಾರಕ್ಕೆ ಹೊರಟೆ. ಏರು ಸಲೀಸಾಗಿ ದಾಟಿತು. ಹಳ್ಳದ ದಡದಲ್ಲಿ ಅಣ್ಣ ಗಾಡಿ ನಿಲ್ಲಿಸಿದ. ಮಳೆ ಸಣ್ಣಗೆ ಬೀಳುತ್ತಿತ್ತು. ಕಂಬಗಳ ತಲೆ ಕಾಣುತ್ತಿತ್ತು.

"ಪಟ್ಟಿ ಕಾಣೂದಿಲ್ಲ," ಎಂದರು ವೈನಿ.

"ಮೊನ್ನೆನೂ ಕಾಣ್ತಿರ್ಲಿಲ್ಲ."

"ಮೊನ್ನೆ ಚೂರು ಕಾಣ್ತಿತ್ತು. ಕಾಯ್ವಾ. ತಡ ಆದ್ರೆ ಮಧ್ಯಾಹ್ನದ ಸರದಿಗೆ ಕೂರಸ್ತ್ರೇನೋ ಕೇಳ್ವಾ."

"ಕೂರಿಸದಿದ್ರೆ? ಹಳೇ ಟಯರಾದ್ರೆ ನಾನೇ ನಿಲ್ಸ್ತಿದ್ದೆ. ಹೆದ್ರಬೇಡ."

ವೈನಿ ನನ್ನ ಕಡೆಗೆ ತಿರುಗಿದರು. "ತಮ್ಮಾ, ನೀನಾದ್ರೂ ಹೇಳೋ."

ನಾನು ಗಡಿಯಾರ ನೋಡಿ ಮುಂದಕ್ಕೆ ತಿರುಗಿದೆ. ಅಣ್ಣ ಮೊದಲನೇ ಗೇರಿಗೆ ಹಾಕಿದ.

ಸೇತುವೆಯ ಮೂರನೇ ಒಂದು ಭಾಗ ದಾಟುವವರೆಗೆ ತೊಂದರೆಯಿರಲಿಲ್ಲ. ಟಯರು ನಿಜಕ್ಕೂ ಕಚ್ಚಿಕೊಂಡಿತ್ತು. ಗಾಡಿ ಪಕ್ಕಕ್ಕೆ ಸರಿಯಲಿಲ್ಲ. ಆದರೆ ಗಾಡಿಯ ಮೂತಿ ಎದುರಿನ ನೀರನ್ನು ತಳ್ಳಿ ಎತ್ತರಿಸುತ್ತಿತ್ತು. ಆ ನೀರು ಬಾನೆಟ್ಟಿನ ಅಂಚಿಗೆ ಬಂತು. ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಅಣ್ಣ ಕೀಲಿ ತಿರುಗಿಸಿದ. ಟಕ್ ಎಂದಿತು. ಇನ್ನೊಮ್ಮೆ ತಿರುಗಿಸಿದ. ಮೂರನೆಯ ಸಲ ಆ ಸದ್ದೂ ಬರಲಿಲ್ಲ. ಬಾಗಿಲ ಸಂದಿಯಿಂದ ನೀರು ಒಳಗೆ ಬರತೊಡಗಿತು.

ದಡದ ಮನೆಯವರು ನೋಡಿದ್ದರು. ಇಬ್ಬರು ಗಂಡಸರು ಹಗ್ಗ ಮತ್ತು ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. ಹಗ್ಗವನ್ನು ಗಾಡಿಗೂ ದಡದ ಮರಕ್ಕೂ ಕಟ್ಟಿ, ವೈನಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ತಂದೆವು. ಹತ್ತಿರವಿದ್ದದ್ದು ಮನೆಯ ಕಡೆಯ ದಡ. ಅಲ್ಲಿಗೇ ತಂದೆವು. ಎಡಗೈಯನ್ನು ಅವರು ಎದೆಗೆ ಒತ್ತಿ ಹಿಡಿದಿದ್ದರು. ಸೊಂಟದ ಕೆಳಗೆ ಒದ್ದೆಯಾಗಿದ್ದರು.

ಆ ದಿನ ಮಳೆ ಬಿಡಲಿಲ್ಲ, ನೀರೂ ಇಳಿಯಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದೆ. ಶನಿವಾರ ಬೆಳಿಗ್ಗೆ ಬನ್ನಿ ಎಂದರು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ವೈನಿಗೆ ಒರಗಿ ಮಲಗಲು ಆಗುತ್ತಿರಲಿಲ್ಲ. ಕೂತರೆ ಮಾತ್ರ ಉಸಿರು ಬರುತ್ತಿತ್ತು. ಪಟ್ಟಿ ಆಗ ಪೂರ್ತಿ ಕಾಣುತ್ತಿತ್ತು. ಆದರೆ ಕೆಟ್ಟು ನಿಂತ ನಮ್ಮ ಗಾಡಿಯೇ ಸೇತುವೆಗೆ ಅಡ್ಡವಿದ್ದುದರಿಂದ ಆಂಬುಲೆನ್ಸ್ ಆಚೆ ದಡದವರೆಗೆ ಮಾತ್ರ ಬಂತು. ಅದೇ ಕುರ್ಚಿಯಲ್ಲಿ ದಾಟಿಸಿದೆವು. ಕಾರವಾರದಲ್ಲಿ ಆಮ್ಲಜನಕ ಕೊಟ್ಟು ತಕ್ಷಣ ಡಯಾಲಿಸಿಸ್‌ಗೆ ಹಾಕಿದರು. ಆರು ದಿನ ಆಸ್ಪತ್ರೆಯಲ್ಲಿದ್ದರು. ಹೃದಯಕ್ಕೆ ಪೆಟ್ಟಾಗಿದೆ, ಇನ್ನು ಮಳೆಗಾಲದಲ್ಲಿ ಹಳ್ಳದಾಚೆ ಇರುವುದು ಬೇಡ ಎಂದು ವೈದ್ಯರು ಬಿಡುಗಡೆಯ ದಿನ ಅಣ್ಣನಿಗೆ ಹೇಳಿದರು. ಅಣ್ಣ ತಲೆಯಾಡಿಸಿದ.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಅಂಕೋಲೆಯ ಗ್ಯಾರೇಜಿಗೆ ಎಳೆದು ತಂದಿದ್ದರು. ಮೆಕ್ಯಾನಿಕ್ ಬಾನೆಟ್ ಎತ್ತಿ, ಹೆಡ್‌ಲೈಟಿನ ಹಿಂದೆ ಇದ್ದ ಕಪ್ಪು ಕೊಳವೆಯ ಬಾಯಿ ತೋರಿಸಿದ.

"ಇದು ಗಾಡಿಯ ಮೂಗು. ಟಯರ್ ನೀರಲ್ಲಿ ಮುಳುಗಿದ್ರೂ ಸಾಯೂದಿಲ್ಲ, ಮೂಗು ಮುಳುಗಿದ್ರೆ ಮುಗೀತು. ಅದ್ರ ಮೇಲೆ ಕೀಲಿ ಬೇರೆ ತಿರುಗ್ಸಿದ್ರಲ್ಲ, ಒಳಗಿನ ರಾಡ್ ಸೊಟ್ಟ ಆಗಿದೆ."

"ಟಯರ್ ದೊಡ್ಡದು ಹಾಕ್ಸಿದ್ದೆ," ಎಂದ ಅಣ್ಣ.

"ಟಯರ್ ಅಡ್ಡಿಲ್ಲ. ಚಲೋ ಟಯರು."

ಟೇಪು ಕೇಳಿ ಪಡೆದು ನಾನು ಅಳೆದೆ. ನೆಲದಿಂದ ಆ ಬಾಯಿಗೆ ಅರವತ್ತೆಂಟು ಸೆಂಟಿಮೀಟರ್. ಹಳೆಯ ಟಯರಿನಲ್ಲಿ ಅರವತ್ತಾರೂವರೆ ಇದ್ದಿರಬೇಕು. ಅಣ್ಣ ಟೇಪಿನ ಮೇಲಿನ ಅಂಕಿಯನ್ನು ಬಗ್ಗಿ ನೋಡಿದ. ಆಮೇಲೆ ಗ್ಯಾರೇಜಿನ ಹೊರಗೆ ಹೋಗಿ ನಿಂತ.

ಆಸ್ಪತ್ರೆಯಿಂದ ವೈನಿ ನೇರ ಸದಾಶಿವಗಡಕ್ಕೆ, ತಮ್ಮ ತಂಗಿಯ ಮನೆಗೆ ಹೋದರು. ಅಲ್ಲಿಂದ ಕಾಳಿ ನದಿ ದಾಟಿದರೆ ಆಸ್ಪತ್ರೆ. ರಿಕ್ಷಾದಲ್ಲಿ ಹೋಗಿ ಬರಬಹುದು. ಮಳೆ ಮುಗಿಯುವವರೆಗೆ ಎಂಬ ಮಾತಿತ್ತು. ನವೆಂಬರಿನಲ್ಲಿ ಅಣ್ಣ ರಿಪೇರಿಯಾದ ಗಾಡಿ ತೆಗೆದುಕೊಂಡು ಕರೆಯಲು ಹೋದ. ನಾನೂ ಹೋಗಿದ್ದೆ. ಹಳ್ಳದಲ್ಲಿ ಆಗ ಪಾದ ಮುಳುಗುವಷ್ಟೇ ನೀರು. ವೈನಿ ಬ್ಯಾಗು ಹಿಡಿದು ಹೊರಗೆ ಬಂದರು. ಬಾಗಿಲು ತೆರೆದಿತ್ತು. ಕಾಲೆತ್ತಿ ಮೆಟ್ಟಿಲ ಮೇಲಿಟ್ಟರು, ಸ್ವಲ್ಪ ಹೊತ್ತು ಹಾಗೇ ನಿಂತರು, ಕಾಲು ಇಳಿಸಿದರು.

"ಹತ್ತೂಕೆ ಆಗೂದಿಲ್ಲ," ಎಂದರು.

"ಮಣೆ ಇಡ್ತೆ ತಡಿ," ಎಂದ ಅಣ್ಣ.

"ಮಣೆ ಇಟ್ರೂ ಆಗೂದಿಲ್ಲ. ನೀವು ಹೋಗಿ. ಊಟ ಮಾಡ್ಕಂಡು ಹೋಗಿ."

ಅಣ್ಣ ಊಟ ಮಾಡಲಿಲ್ಲ.

ಈ ವರ್ಷವೂ ಮಳೆ ಶುರುವಾಗಿದೆ. ವೈನಿಯ ವಾಸ ಸದಾಶಿವಗಡದಲ್ಲೇ. ಸೋಮವಾರ, ಗುರುವಾರಗಳ ಸರದಿ ಒಂದೂ ತಪ್ಪಿಲ್ಲ. ಅಣ್ಣ ಭಾನುವಾರ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾನೆ. ಕಳೆದ ಗುರುವಾರ ರಕ್ತದೊತ್ತಡ ಇಳಿದದ್ದರಿಂದ ವೈನಿಯ ನಾಲ್ಕು ತಾಸಿನ ಡಯಾಲಿಸಿಸನ್ನು ಎರಡೂವರೆ ತಾಸಿಗೇ ನಿಲ್ಲಿಸಿದರು. ಹೋದ ವರ್ಷ ಪೆಟ್ಟಾದ ಹೃದಯಕ್ಕೆ ಪೂರ್ತಿ ಸರದಿ ತಡೆಯುವ ಶಕ್ತಿ ಇಲ್ಲ ಎಂದು ಅವರನ್ನು ಅಂದಿನಿಂದ ವಾರ್ಡಿನಲ್ಲಿ ಇರಿಸಿಕೊಂಡಿದ್ದಾರೆ.