‘ಟೇಕ್ ಕೇರ್’ ಎಂಬುದಕ್ಕೆ ಕನ್ನಡ

ನಮ್ಮ ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ತುಂಬ ಇಷ್ಟವಾದ ಮಾತು ‘ಟೇಕ್ ಕೇರ್’. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಆರೂವರೆಗೆ ಅವರಿಂದ ನನ್ನ ಮೊಬೈಲಿಗೆ ಒಂದು ಸಾಲು ಬರುತ್ತದೆ: ಇಂಥ ಬ್ಲಾಕಿನಲ್ಲಿ ಆನೆಗಳಿವೆ, ಟೇಕ್ ಕೇರ್. ಅದನ್ನು ಕನ್ನಡ ಮಾಡಿ, ನನ್ನ ದನಿಯಲ್ಲೇ ಹೇಳಿ, ಕೆಲಸಗಾರರ ಲೈನ್ ಮನೆಗಳ ವಾಟ್ಸಾಪ್ ಗ್ರೂಪಿಗೆ ಹಾಕುವುದು ನನ್ನ ಕೆಲಸ. ಪಾಲಿಬೆಟ್ಟದ ಕಡೆಯ ಈ ತೋಟದಲ್ಲಿ ನಾನು ಹದಿನೆಂಟು ವರ್ಷದಿಂದ ರೈಟರ್. ಹಾಗೆಂದರೆ ಹಾಜರಿ ಪುಸ್ತಕ ಬರೆಯುವವನು; ಅದಕ್ಕಿಂತ ದೊಡ್ಡದೇನನ್ನೂ ಬರೆದವನಲ್ಲ. ಲೈನುಗಳಲ್ಲಿ ತಮಿಳು, ಮಲಯಾಳ, ಯರವ ಮಾತು ಎಲ್ಲ ಇವೆ. ಎಲ್ಲರಿಗೂ ಅಷ್ಟೋ ಇಷ್ಟೋ ತಿಳಿಯುವುದು ಕನ್ನಡ, ಅದೂ ಕಿವಿಯಿಂದ.

ಈ ಕೆಲಸಕ್ಕೆ ನನಗಿಂತ ಯೋಗ್ಯ ಬೇರೊಬ್ಬ ಸಿಗುತ್ತಿರಲಿಲ್ಲ. ಹೆದರುವುದರಲ್ಲಿ ನನ್ನದು ಐವತ್ತೆರಡು ವರ್ಷದ ಸರ್ವೀಸು. ಮೂರ್ನಾಡಿಗೆಂದು ಹತ್ತಿದ ಬಸ್ಸನ್ನು ನಿಲ್ಲಿಸಿ, ಇಳಿದು ಮನೆಗೆ ಬಂದು, ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಿದವನು ನಾನು. ಆಫ್ ಆಗಿತ್ತು. ಮುಂದಿನ ವಾರ ಇಳಿದು ಬಂದಾಗಲೂ ಆಗಿತ್ತು.

ಆದರೂ ‘ಕೇರ್’ ನನ್ನನ್ನು ಸತಾಯಿಸಿತು. ಕಾಗದದ ವಿಳಾಸದಲ್ಲಿ ಅದು ‘ಕೇರ್ ಆಫ್’ ಆಗಿ ಇನ್ನೊಬ್ಬರ ಮನೆಯ ಬಾಗಿಲು. ಆಸ್ಪತ್ರೆಯಲ್ಲಿ ಚಪ್ಪಲಿ ಬಿಟ್ಟು ಒಬ್ಬೊಬ್ಬರೇ ಒಳಗೆ ಹೋಗಬೇಕಾದ ಕೋಣೆ. ಫೋನಿನಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳಿ ಸಂಗೀತ ಕೇಳಿಸುವ ಹೆಂಗಸು. ಅದನ್ನೇ ನಾವು ಸ್ವಲ್ಪ ಎಳೆದು ‘ಕ್ಯಾರೇ ಅನ್ನಲಿಲ್ಲ’ ಎಂದುಬಿಟ್ಟರೆ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳದವನ ಮೇಲಿನ ದೂರು. ಇಷ್ಟೆಲ್ಲ ಆಗಬಲ್ಲ ಪದಕ್ಕೆ, ಆನೆಯ ಎದುರು ನಿಲ್ಲಬಲ್ಲ ಒಂದೇ ಒಂದು ಕನ್ನಡ ಪದ ಬೇಕಿತ್ತು. ಹುಡುಕಿಯೇ ತೀರುವುದೆಂದು ನಿಶ್ಚಯಿಸಿದೆ.

ಮೊದಲು ‘ಎಚ್ಚರಿಕೆ’ ಎಂದೆ. ತಿರುಗಿ ಕೇಳಿದರೆ ಟ್ರಾನ್ಸ್‌ಫಾರ್ಮರ್ ಕಂಬದ ತಲೆಬುರುಡೆಯೇ ಮಾತಾಡಿದಂತಿತ್ತು. ‘ಜಾಗ್ರತೆ’ ಎಂದರೆ ಬಸ್ ನಿಲ್ದಾಣದ ಜೇಬುಗಳ್ಳರ ಬೋರ್ಡು. ‘ನಿಗಾ ಇರಲಿ’ ಎಂದ ದಿನ, ಆನೆ ಮೇಲೋ ನಮ್ಮ ಮೇಲೋ ಎಂದು ಮೇಸ್ತ್ರಿ ವಿಚಾರಿಸಿದ. ‘ಹುಷಾರು’ ಎಂದಾಗ ಇಬ್ಬರು ತಮಗೆ ಹುಷಾರಿಲ್ಲವೆಂದು ರಜೆ ಕೇಳಿದರು. ಕೊನೆಗೆ ‘ಜೋಪಾನ’ ಹಿಡಿಸಿತು. ಕುಶಾಲನಗರದಲ್ಲಿ ಬಸ್ಸಿನ ಕಿಟಕಿಯ ಕೆಳಗೆ ನಿಂತು ಅಮ್ಮ ಹೇಳುತ್ತಿದ್ದ ಪದ ಅದು. ಅಡುಗೆಮನೆಯಲ್ಲಿ ಮೂರು ಸಲ ಹೇಳಿ ನೋಡಿದೆ.

“ಆನೆಗೆ ಜೋಗುಳ ಹಾಡ್ತಿದ್ದೀರಾ?” ಎಂದಳು ಹೆಂಡತಿ, ದೋಸೆ ಮಗುಚುತ್ತ.

ಜನವರಿಯ ಒಂದು ಬೆಳಿಗ್ಗೆ ಏಳನೇ ಬ್ಲಾಕಿನಲ್ಲಿ ಮೂರು ಆನೆ ಎಂದು ಸಾಲು ಬಂತು. ಮೇಸ್ತ್ರಿ ನಾಪೋಕ್ಲಿನ ಮದುವೆಗೆಂದು ರಜೆ ಹಾಕಿದ್ದ. ‘ಏಳನೇ ಬ್ಲಾಕಿನಲ್ಲಿ ಆನೆಗಳಿವೆ, ಎಲ್ಲರೂ ಜೋಪಾನ’ ಎಂದು ಹೇಳಿ ಕಳಿಸಿದೆ. ಉತ್ತರವಾಗಿ ಹೆಬ್ಬೆರಳುಗಳ ಸಾಲು ಬಂತು. ಏಳೂವರೆಗೆ ಕೆಳಗಿನಿಂದ ಕಿರುಚಾಟ ಕೇಳಿಸಿತು. ಆರು ಜನ ಹೆಂಗಸರು ನೇರ ಏಳನೇ ಬ್ಲಾಕಿಗೇ ನಡೆದಿದ್ದರು. ಗಿಡಗಳ ಆಚೆ ಬೂದುಬಣ್ಣ ಅಲುಗಿದ್ದೇ ತಡ, ಚೀಲ, ಬುತ್ತಿ ಎಲ್ಲ ಬಿಸಾಡಿ ಓಡಿದರಂತೆ. ಗುಂಪಿಗೆ ಹಿರಿಯರಾದ, ನಾವೆಲ್ಲ ಅಕ್ಕ ಎನ್ನುವ ಅರವತ್ತರ ತಮಿಳು ಹೆಂಗಸು ಚರಂಡಿಗೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆನೆಗಳು ಹೋದ ಮೇಲೆ ಅವರ ಬುತ್ತಿ ಡಬ್ಬಿ ಸಿಕ್ಕಿತು, ತಟ್ಟೆಯ ಹಾಗೆ ಚಪ್ಪಟೆಯಾಗಿ. ಅದನ್ನು ಕೈಯಲ್ಲಿ ಹಿಡಿದು ನಿಂತೆ. ಬಾರದ ಅಪಾಯಗಳಿಗೆ ಹೆದರಿ ಅಭ್ಯಾಸವಿದ್ದವನಿಗೆ ಬಂದುಹೋದದ್ದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಸಂಜೆ ಲೈನಿಗೆ ಹೋದೆ. ದಾರಿಯಲ್ಲಿ ಒಂದಿಷ್ಟು ಸಿಟ್ಟನ್ನೂ ಸಿದ್ಧ ಮಾಡಿಕೊಂಡಿದ್ದೆ, ಅಷ್ಟು ಹೇಳಿದರೂ ಕ್ಯಾರೇ ಅನ್ನಲಿಲ್ಲವಲ್ಲ ಎಂದು. ಅಕ್ಕ ಪ್ಲಾಸ್ಟರ್ ಹಾಕಿದ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ಮೆಸೇಜು ಕೇಳಿದಿರಾ ಎಂದೆ. ಎರಡು ಸಲ ಹಾಕಿಸಿ ಕೇಳಿದೆವು ಎಂದರು.

“ಮತ್ತೆ ಏಳಕ್ಕೇ ಯಾಕೆ ಹೋದ್ರಿ ಅಕ್ಕ?”

“ಏಳು ಅಂದ್ರೆ ಯಾವುದು ರೈಟರಯ್ಯಾ? ನಂಬರೆಲ್ಲ ನಿಮ್ಮ ಪುಸ್ತಕದಲ್ಲಿ ಇರೋದು. ಮೇಸ್ತ್ರಿ ಮುಂದೆ ಹೋದ್ರೆ ನಾವು ಹಿಂದೆ. ನೀವು ಜೋಪಾನ ಅಂದ್ರಲ್ಲ, ಅದಕ್ಕೇ ರೋಡ್ ಬಿಟ್ಟು ಎಲ್ಲಾರನ್ನೂ ತೊಟ್ಟಿಲಮರಕ್ಕೆ ಕರ್ಕೊಂಡು ಹೋದೆ.”

ತೊಟ್ಟಿಲಮರ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಕೇಳಿದೆ. ಇವರೆಲ್ಲ ಹರೆಯದಲ್ಲಿ ಕೊಯ್ಲಿಗೆ ಬರುವಾಗ ಹಸುಗೂಸುಗಳನ್ನು ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿ ಮಲಗಿಸುತ್ತಿದ್ದ ಅತ್ತಿಮರವಂತೆ. ಅಕ್ಕನ ಮೂವರೂ ಮಕ್ಕಳು ಅಲ್ಲೇ ನಿದ್ದೆ ಮಾಡಿದವರು. ಇಡೀ ತೋಟದಲ್ಲಿ ಅದಕ್ಕಿಂತ ಭದ್ರವಾದ ಜಾಗ ಅವರಿಗೆ ತಿಳಿದಿರಲಿಲ್ಲ. ನನ್ನ ಪುಸ್ತಕದಲ್ಲಿ ಅದು ಏಳನೇ ಬ್ಲಾಕು. ವಾರಗಟ್ಟಲೆ ನಾನು ವಾಕ್ಯದ ಕೊನೆಯ ಪದವನ್ನು ತಿದ್ದುತ್ತ ಕೂತಿದ್ದೆ. ಮೊದಲ ಪದವೇ ಯಾರಿಗೂ ತಲುಪಿರಲಿಲ್ಲ.

ಮರುದಿನ ಮ್ಯಾನೇಜರ್ ಬಳಿ ಹೋದೆ. ಎರಡು ದಿನ ಅಕ್ಕನ ಜೊತೆ ತೋಟ ಸುತ್ತಿ, ಬ್ಲಾಕುಗಳಿಗೆ ಹೆಂಗಸರು ಕರೆಯುವ ಹೆಸರು ಬರೆದುಕೊಳ್ಳಬೇಕು, ಅವರಿಗೆ ಹಾಜರಿ ಹಾಕುತ್ತೇನೆ ಎಂದೆ. ಮ್ಯಾಪ್ ಇದೆಯಲ್ಲ, ಹೆಂಗಸರಿಗೆ ನಂಬರ್ ಕಲಿಸಿದರೆ ಮುಗಿಯಿತು ಎಂದರು. ಅವರಿಗೆ ಎದುರಾಡಬೇಕಾದರೆ ನಾನು ಸಾಮಾನ್ಯವಾಗಿ ಒಂದು ವಾರ ತಾಲೀಮು ಮಾಡಿ, ಎಂಟನೇ ದಿನ ಬಿಟ್ಟುಬಿಡುತ್ತೇನೆ. ಅಂದು ತಾಲೀಮಿಲ್ಲದೆಯೇ ಬಾಯಿಗೆ ಬಂತು.

“ಓಡುವಾಗ ಯಾರೂ ಮ್ಯಾಪ್ ನೋಡಲ್ಲ ಸಾರ್.”

ಒಂದು ದಿನ ಸಾಕು ಎಂದರು. ನಾನು ಎರಡು ಎಂದೆ. ಎರಡಾಯಿತು.

ಅಕ್ಕ ಮುಂದೆ, ನೋಟ್‌ಬುಕ್ ಹಿಡಿದು ನಾನು ಹಿಂದೆ. ಒಂದನೇ ಬ್ಲಾಕು ಮುರುಕುಗೇಟು. ಗೇಟು ನಾನು ಬರುವ ಮೊದಲೇ ಮಾಯವಾಗಿತ್ತು. ಹನ್ನೊಂದು ಜಾರುಬಂಡೆ. ಹದಿನಾಲ್ಕು ಕೂಸುಹುಟ್ಟಿದ್ದು, ಆ ಕೂಸು ಈಗ ನಮ್ಮ ತೋಟದ ಜೀಪು ಓಡಿಸುತ್ತಾನೆ. ಮೂರನೇ ಬ್ಲಾಕಿನ ಹೆಸರು ಹೇಳಲು ಅಕ್ಕ ಬಹಳ ಸಂಕೋಚಪಟ್ಟರು. ಒತ್ತಾಯಿಸಿದೆ.

“ರೈಟರ್‌ಬಿದ್ದದ್ದು,” ಎಂದರು.

ಕೆಲಸಕ್ಕೆ ಸೇರಿದ ವರ್ಷ ಅಲ್ಲಿ ಸುಟ್ಟ ಮರದ ಬೊಡ್ಡೆಯೊಂದನ್ನು ಆನೆಯೆಂದು ತಿಳಿದು ಓಡಿ ಗುಂಡಿಗೆ ಬಿದ್ದಿದ್ದೆ. ಯಾರೂ ನೋಡಿಲ್ಲವೆಂದು ಹದಿನೆಂಟು ವರ್ಷ ನೆಮ್ಮದಿಯಾಗಿದ್ದೆ. ಅದನ್ನೂ ಬರೆದುಕೊಂಡೆ. ಎರಡನೇ ದಿನ ಸಂಜೆಗೆ ಇಪ್ಪತ್ತೆರಡೂ ಬ್ಲಾಕು ಮುಗಿದವು.

ಅದಾದ ಮೇಲೆ ನನ್ನ ಮೆಸೇಜಿನಲ್ಲಿ ನಂಬರ್ ಇಲ್ಲ. ಎಚ್ಚರಿಕೆ, ಜಾಗ್ರತೆ, ಜೋಪಾನ ಯಾವುದೂ ಇಲ್ಲ. ಆನೆ ಎಲ್ಲಿದೆ, ಯಾವ ದಾರಿಯಲ್ಲಿ ಬರಬೇಕು, ಇಷ್ಟೇ. ಮ್ಯಾನೇಜರ್ ಕಡೆಯಿಂದ ಮಾತ್ರ ಟೇಕ್ ಕೇರ್ ತಪ್ಪದೆ ಬರುತ್ತದೆ. ಮೊನ್ನೆ ಬಂದ ಸಾಲಿನಲ್ಲಿ ಬ್ಲಾಕ್ ನಂಬರ್ ಮೂರು. ಮೊಬೈಲನ್ನು ಬಾಯಿಯ ಹತ್ತಿರ ಹಿಡಿದೆ. ಹೆಂಡತಿ ಒಲೆ ಸಣ್ಣ ಮಾಡಿ ನನ್ನನ್ನೇ ನೋಡುತ್ತಿದ್ದಳು.

“ರೈಟರ್‌ಬಿದ್ದದ್ದರಲ್ಲಿ ಎರಡು ಆನೆ ಇವೆ,” ಎಂದು ಬಿಡಿಸಿ ಬಿಡಿಸಿ ಹೇಳಿದೆ. “ಯಾರೂ ಆ ಕಡೆ ಹೋಗ್ಬೇಡಿ. ಜಾರುಬಂಡೆ ಮೇಲಿನ ರೋಡಲ್ಲಿ ಬನ್ನಿ. ನಾನು ಅಲ್ಲೇ ನಿಂತಿರ್ತೀನಿ.”

ನಗುವ ಮುಖಗಳು ಗ್ರೂಪಿನ ತುಂಬ ಬಂದವು. ನಾನು ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೇಲಿನ ರಸ್ತೆಗೆ ನಡೆದೆ. ಆ ದಿನ ಬರಬೇಕಾದವರು ಹದಿನೇಳು. ಒಬ್ಬೊಬ್ಬರಾಗಿ ಮುಸಿಮುಸಿ ನಗುತ್ತ ನನ್ನ ಮುಂದೆ ಹಾದುಹೋದರು. ಹದಿನಾರಕ್ಕೆ ಸಾಲು ನಿಂತಾಗ ನನ್ನ ಎದೆ ಹಳೆಯ ಕೆಲಸ ಶುರುಮಾಡಿತು. ಆಮೇಲೆ ತಿರುವಿನಲ್ಲಿ, ಪ್ಲಾಸ್ಟರ್ ಬಿಚ್ಚಿದ ಕೈಯಲ್ಲಿ ಹೊಸ ಬುತ್ತಿ ಡಬ್ಬಿ ಹಿಡಿದು, ಅಕ್ಕ ಕಾಣಿಸಿಕೊಂಡರು.