ಕುರ್ಚಿ ದೊರೆ ಊಟಕ್ಕೆ ಬಂದ ದಿನ

ನಮ್ಮ ಬೀದಿಯಲ್ಲೊಬ್ಬ ದೊರೆಯಿದ್ದ. ಅವನಿಗೆ ಎಂಟುನೂರು ಸಿಂಹಾಸನ. ಎಲ್ಲವೂ ಕಬ್ಬಿಣದವು, ಮಡಚುವಂಥವು, ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಹೊತ್ತವು. ಮದುವೆಯೋ ಹಬ್ಬವೋ ಸಾವೋ, ಯಾರ ಮನೆಯಲ್ಲಿ ಏನೇ ಆಗಲಿ, ನಾಲ್ಕು ಜನ ಕೂರಬೇಕೆಂದರೆ ಈ ದೊರೆಯ ಅಪ್ಪಣೆ ಬೇಕಿತ್ತು. ಎರಡು ಲಾರಿ, ಒಂದು ಗೋದಾಮು, ಆಮೇಲೆ ಎರಡನೆಯ ಗೋದಾಮು. ಇಷ್ಟಿದ್ದೂ ದೊರೆ ಮಾತ್ರ ಸದಾ ನಿಂತೇ ಇರುತ್ತಿದ್ದ. ಬಾಡಿಗೆ ಮಾಲಿನ ಮೇಲೆ ಮನೆಯವರು ಕೂರಬಾರದು ಎಂಬುದು ಆ ಸಾಮ್ರಾಜ್ಯದ ಮೊದಲ ಕಾನೂನು.

ಸಾಮ್ರಾಜ್ಯ ಹುಟ್ಟಿದ್ದು ಅವನ ಅಕ್ಕನ ಮನೆಯಲ್ಲಿ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಸಾಕಿದವಳು ಅವಳೇ. ಅವಳ ಮನೆಯಲ್ಲಿ ಆರು ಕುರ್ಚಿಗಳಿದ್ದವು. ಪಕ್ಕದ ಮನೆಯವರು ಮದುವೆಗೆಂದು ಅವನ್ನು ಕೇಳಿದಾಗ, ಹದಿನಾರರ ಹುಡುಗ ಬಾಗಿಲಿಗೆ ಅಡ್ಡ ನಿಂತು ಬಾಡಿಗೆ ಕೇಳಿದ. ಕೊಟ್ಟರು. ಅಂದಿನಿಂದ ಆ ಆರು ಕುರ್ಚಿಗಳು ಊರೂರು ಸುತ್ತತೊಡಗಿದವು, ಅಕ್ಕ ನೆಲದ ಮೇಲೆ ಕೂತು ಉಣ್ಣತೊಡಗಿದಳು. "ನನ್ನ ತಮ್ಮ ನೆಲಕ್ಕೂ ಬಾಡಿಗೆ ಹಾಕದಿದ್ರೆ ಸಾಕು" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ದೊರೆಗೆ ರಾಣಿ ಸಿಗಲಿಲ್ಲ. ಮದುವೆಯ ಮಾತಿಗೆಂದು ಹೋದ ಮನೆಯಲ್ಲಿ, ಕೂರಲು ಕೊಟ್ಟ ಕುರ್ಚಿಯನ್ನು ಬುಡಮೇಲು ಮಾಡಿ ಬೆಸುಗೆ ಪರೀಕ್ಷಿಸಿದ. ಹುಡುಗಿ ಬಾಗಿಲ ಸಂದಿಯಿಂದ ಅದನ್ನು ನೋಡಿದಳು. ರಾಜವಂಶ ಅಲ್ಲಿಗೆ ಮುಗಿಯಿತು.

ಹಬ್ಬದ ದಿನ ಅವನ ದಂಡಯಾತ್ರೆ ನೋಡಬೇಕು. ಅದೇ ಕುರ್ಚಿಗಳು ಮಧ್ಯಾಹ್ನ ಒಂದು ಮನೆಗೆ, ಮೂರು ಗಂಟೆಗೆ ಇನ್ನೊಂದಕ್ಕೆ, ಸಂಜೆ ಮತ್ತೊಂದಕ್ಕೆ ಹೋಗಬೇಕು. ಹಾಗಾಗಿ ಊಟ ಮುಗಿಯುವ ಮುಂಚೆಯೇ ದೊರೆ ಖುದ್ದಾಗಿ ಬಂದು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಖಾಲಿ ಕಂಡ ಕುರ್ಚಿಯನ್ನು ಠಪ್ಪೆಂದು ಮಡಚುತ್ತಿದ್ದ. ಮೂವತ್ತು ವರ್ಷದಲ್ಲಿ ಜನಕ್ಕೆ ಸೈನಿಕರ ಶಿಸ್ತು ಬಂದುಬಿಟ್ಟಿತ್ತು. ಅವನ ತಲೆ ಕಂಡರೆ ಸಾಕು, ಬಾಯಲ್ಲಿದ್ದುದನ್ನು ನುಂಗಿ ಎದ್ದು, ತಂತಮ್ಮ ಕುರ್ಚಿ ತಾವೇ ಮಡಚಿ ಗೋಡೆಗೆ ಒರಗಿಸಿ ಹೊರಡುತ್ತಿದ್ದರು.

ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದವಳು. ಎರಡು ಕೋಣೆಯ ಮನೆ, ಮುಂದೆ ಒಂದು ಅಂಗಳ. ಹಬ್ಬದ ದಿನ ಬೀದಿಯವರೆಲ್ಲ ಒಂದೊಂದು ಪಾತ್ರೆ ಹಿಡಿದು ಅಲ್ಲಿಗೇ ಬರುತ್ತಿದ್ದರು. ತಮ್ಮ ನಲವತ್ತು ಕುರ್ಚಿ ಪುಕ್ಕಟೆ ಕಳಿಸುತ್ತಿದ್ದ. ಅಷ್ಟರ ಮಟ್ಟಿಗೆ ದೊರೆ ಉದಾರಿ. ಎರಡು ಗಂಟೆಗೆ ಬಂದು ವಾಪಸು ಒಯ್ಯುತ್ತಿದ್ದ. ಆ ಮನೆಯ ಹಬ್ಬದಲ್ಲಿ ಅವನು ಒಂದು ತುತ್ತು ಉಂಡದ್ದಿಲ್ಲ.

ಆ ವರ್ಷ ಅಕ್ಕನ ಮಗಳು ಗೋದಾಮಿಗೆ ಬಂದಳು.

"ಮಾವ, ಭಾನುವಾರ ಹಬ್ಬದೂಟ."

"ನಲವತ್ತು ತಾನೆ? ಬೆಳಿಗ್ಗೆ ಕಳಿಸ್ತೀನಿ."

"ಕುರ್ಚಿ ಕೇಳೋಕೆ ಬಂದಿಲ್ಲ. ನಿಮ್ಮನ್ನ ಕರೆಯೋಕೆ ಬಂದೆ. ಅಮ್ಮನಿಗೆ ಇದೇ ಕೊನೇ ಹಬ್ಬ ಅಂದಿದ್ದಾರೆ ಡಾಕ್ಟ್ರು."

ನಂಬರು ಬರೆಯುತ್ತಿದ್ದ ಕುಂಚ ದೊರೆಯ ಕೈಯಲ್ಲೇ ನಿಂತಿತು.

"ಅಂಗಳ ತುಂಬ ಜನ ಇರಬೇಕಂತೆ, ನೀವು ಅವಳ ಪಕ್ಕ ಕೂತು ಉಣ್ಣಬೇಕಂತೆ. ಅವಳು ಕೇಳ್ತಿರೋದು ಅಷ್ಟೇ."

"ಎಷ್ಟು ಹೊತ್ತಿಗೆ ಬರ್ಲಿ?"

"ಜನ ಊಟಕ್ಕೆ ಎಷ್ಟು ಹೊತ್ತಿಗೆ ಹೋಗ್ತಾರೋ ಅಷ್ಟು ಹೊತ್ತಿಗೆ, ಮಾವ."

ಅದು ಎಷ್ಟು ಹೊತ್ತು ಎಂಬುದು ದೊರೆಗೆ ನಿಜಕ್ಕೂ ತಿಳಿದಿರಲಿಲ್ಲ. ಮೂರು ಗಂಟೆಯ, ಸಂಜೆಯ ಬಾಡಿಗೆಗಳನ್ನೆಲ್ಲ ರದ್ದು ಮಾಡಿದ. ಹೊಸ ಅಂಗಿ ಕೊಂಡ. ಆದರೆ ಬೆಳಗಿನ ಲಾರಿಗಳನ್ನು ಹೊರಡಿಸಿ, ಅಂಗಿಯ ಗುಂಡಿಗಳನ್ನು ಎರಡು ಸಲ ತಪ್ಪಾಗಿ ಹಾಕಿ, ಅಕ್ಕನ ಮನೆ ತಲುಪುವಾಗ ಒಂದೂವರೆ.

ಅಂಗಳದ ಬಿಸಿಲಲ್ಲಿ ಶಾಲು ಹೊದ್ದು ಅಕ್ಕ ಕೂತಿದ್ದಳು. ಸುತ್ತ ನಲವತ್ತು ಜನ. ನಿವೃತ್ತ ಬಸ್ ಕಂಡಕ್ಟರ್ ಕೈಯಲ್ಲಿ ತಟ್ಟೆ ಹಿಡಿದು ಕಥೆ ಹೇಳುತ್ತಿದ್ದ.

"ಒಬ್ಬ ಕೋಳಿ ಹಿಡ್ಕೊಂಡು ಬಸ್ ಹತ್ತಿದ. ಕೋಳಿಗೂ ಅರ್ಧ ಟಿಕೆಟ್ ಅಂದೆ. ತಗೊಂಡ. ತಗೊಂಡು ಕೋಳೀನ ಸೀಟಲ್ಲಿ ಕೂರಿಸಿ ತಾನು ಪಕ್ಕದಲ್ಲಿ ನಿಂತ. ಮುಂದಿನ ಸ್ಟಾಪು ಬರೋದ್ರೊಳಗೆ ಕೋಳಿ ಸೀಟಲ್ಲೇ ಮೊಟ್ಟೆ ಇಟ್ಬಿಡ್ತು. ನಾನು ಬಿಡ್ತೀನಾ? ಮೊಟ್ಟೆಗೂ ಟಿಕೆಟ್ ತಗೋ ಅಂದೆ. ಅದಕ್ಕವನು..."

ಅಷ್ಟರಲ್ಲಿ ಕಂಡಕ್ಟರ್ ಬಾಗಿಲಲ್ಲಿದ್ದ ದೊರೆಯನ್ನು ನೋಡಿದ.

"ಏಳ್ರಪ್ಪ, ದೊರೆ ಬಂದ್ರು. ಪಾಪ, ಅವರಿಗೆ ಇನ್ನೂ ಎರಡು ಮನೆ ಇರುತ್ತೆ."

ಠಪ್, ಠಪ್, ಠಪ್. ಯುದ್ಧಭೂಮಿಯಲ್ಲೂ ಸೈನ್ಯ ಅಷ್ಟು ಚುರುಕಾಗಿ ಏಳದು.

"ಕೂತ್ಕೊಳ್ಳಿ, ಕೂತ್ಕೊಳ್ಳಿ, ನಾನು ಊಟಕ್ಕೆ ಬಂದಿರೋದು" ಎಂದ ದೊರೆ. ಎಲ್ಲರೂ ಗೊಳ್ಳೆಂದು ನಕ್ಕರು. ಮೂವತ್ತು ವರ್ಷದಲ್ಲಿ ಅವನು ಹೇಳಿದ ಮೊದಲ ತಮಾಷೆ ಅದೆಂದುಕೊಂಡರು. ಅವನು ಬೀದಿಗೆ ಓಡಿ, ಹೋಗುತ್ತಿದ್ದವರ ಬೆನ್ನ ಹಿಂದೆ "ವಾಪಸ್ ಬನ್ನಿ" ಎಂದು ಕೂಗಿದ. ದೂರದಿಂದ ಯಾರೋ ಹೇಳಿದರು: "ಸರಿಯಾಗಿ ಎಣಿಸಿ ದೊರೆ, ನಲವತ್ತೂ ಅಲ್ಲೇ ಇದೆ."

ತಿರುಗಿ ಬಂದಾಗ ಅಂಗಳದಲ್ಲಿ ಅರ್ಧ ಉಂಡ ತಟ್ಟೆಗಳು, ಅಕ್ಕ, ಅಕ್ಕನ ಮಗಳು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಬಾರೋ, ಕೂತ್ಕೋ."

ಮಗಳು ಒಂದು ಕುರ್ಚಿ ಬಿಡಿಸಿಟ್ಟಳು. ದೊರೆ ಕೂತ. ಅತ್ತಿತ್ತ ಸರಿದ.

"ಇದು ಕೂತ್ರೆ ಇಷ್ಟು ಒತ್ತುತ್ತಾ?"

"ಮೂವತ್ತು ವರ್ಷದಿಂದ ಕೂರ್ತಿದೀವಿ ಕಣೋ. ಯಾರೂ ಹೇಳ್ಲಿಲ್ವಾ ನಿನಗೆ?"

ಅವನು ಉಂಡ. ಅಕ್ಕ ಒಂದು ಚಮಚ ಬಾಯಿಗಿಟ್ಟು ಅಷ್ಟಕ್ಕೇ ತಟ್ಟೆ ಸರಿಸಿದಳು. ಖಾಲಿ ಅಂಗಳವನ್ನೇ ನೋಡುತ್ತ, "ಇನ್ನೊಂದು ಗಂಟೆ ಇರ್ತಿದ್ರು" ಎಂದಳು. ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅದು ಬೈಗುಳವಾಗಿರಲಿಲ್ಲ. ಆಮೇಲೆ, "ಮೊಟ್ಟೆಗೆ ಟಿಕೆಟ್ ಕೇಳಿದ್ದಕ್ಕೆ ಅವನು ಏನಂದನೋ, ಗೊತ್ತಾಗ್ಲೇ ಇಲ್ಲ" ಎಂದಳು.

"ಕೇಳ್ಕೊಂಡು ಬರ್ತೀನಿ."

"ಈಗ ಬೇಡ. ಉಣ್ಣು."

ಸಂಜೆ ಹೋಗಿ ನೋಡಿದರೆ ಕಂಡಕ್ಟರ್ ಮನೆಗೆ ಬೀಗ. ಮಗಳ ಊರಿಗೆ ಹೋಗಿದ್ದ. ದೊರೆ ದಿನಾ ಎರಡು ಸಲ ಹೋಗಿ ಬೀಗ ನೋಡಿ ಬಂದ. ಐದನೆಯ ದಿನ ಬಾಗಿಲು ತೆರೆದಿತ್ತು.

"ಅದಾ? ಅವನು ಅಂದ, ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ ಅಂತ ಬಸ್ಸಲ್ಲಿ ಬರೆಸಿದೀರಲ್ಲ ಸ್ವಾಮಿ, ಇದು ಹುಟ್ಟಿ ಎರಡು ನಿಮಿಷ ಆಗಿಲ್ಲ ಅಂತ."

ದೊರೆ ನಗಲಿಲ್ಲ. ಗಿರಾಕಿಯ ವಿಳಾಸದಂತೆ ಕಥೆಯನ್ನು ಎರಡು ಸಲ ಹೇಳಿ ಒಪ್ಪಿಸಿ, ಸರಿಯಿದೆಯೇ ಎಂದು ಕೇಳಿಕೊಂಡು ಹೊರಟ. ಕೋಳಿ, ಸೀಟು, ಮೊಟ್ಟೆ ಎಂದು ಗೊಣಗುತ್ತ ಬೀದಿಯುದ್ದಕ್ಕೂ ಓಡುತ್ತಿದ್ದವನನ್ನು ಜನ ನಿಂತು ನೋಡಿದರು.

ಅಕ್ಕ ಹಿಂದಿನ ದಿನದಿಂದ ಕಣ್ಣು ತೆರೆದಿರಲಿಲ್ಲ. ಮಗಳು ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸುತ್ತಿದ್ದಳು. ದೊರೆ ಮಂಚದ ಅಂಚಿಗೆ ಕೂತು ಕಥೆ ಶುರು ಮಾಡಿದ. ಕೋಳಿಯನ್ನು ಸೀಟಲ್ಲಿ ಕೂರಿಸುವುದನ್ನು ಮರೆತು, ಹಿಂದೆ ಹೋಗಿ ಕೂರಿಸಿ ಬಂದ. ಎರಡು ನಿಮಿಷದ ಮಾತಿಗೆ ಬಂದಾಗ ಮಗಳು ನಕ್ಕುಬಿಟ್ಟಳು, ಕೂಡಲೇ ಬಾಯಿಗೆ ಸೆರಗು ಒತ್ತಿ ಗೋಡೆಯ ಕಡೆ ತಿರುಗಿದಳು. ಅವನು ಅತ್ತ ನೋಡಲಿಲ್ಲ. ಒಬ್ಬರು ನಗುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಕ್ಕನ ಮುಖ ನೋಡುತ್ತ ಕಾದ. ತಾನು ಹೇಳಿದ್ದು ಸರಿಬರಲಿಲ್ಲವೆಂದುಕೊಂಡು, ಆ ಮನುಷ್ಯ ಕೋಳಿ ಹಿಡಿದು ಬಸ್ಸು ಹತ್ತಿದಲ್ಲಿಂದ ಮತ್ತೆ ಶುರು ಮಾಡಿದ.