ತನ್ನದನ್ನೇ ತಿಂದ ಅಂಗಡಿ

“ನಿನ್ನ ಅಂಗಡೀನ ನೀನೇ ತಿಂತಿದ್ದೀಯಲ್ಲೋ” ಎಂದು ಗಿರಾಕಿಗಳ ಎದುರಿಗೇ ಅಣ್ಣ ಆಡಿದ ಮಾತು ಹೊಲಿಗೆ ಮಿಷನ್ ರಿಪೇರಿಯವನ ಎದೆಯಲ್ಲಿ ಇವತ್ತಿಗೂ ಚುಚ್ಚುತ್ತಿದೆ. ಗಿರಾಕಿಗಳ ಮಿಷನ್ನಿಗೆ ಬಿಡಿಭಾಗ ಸಿಗದಿದ್ದರೆ ತನ್ನ ಹಳೇ ಮಿಷನ್ ಬಿಚ್ಚಿ ಹಾಕುವುದು ಅವನ ಪದ್ಧತಿ. ಅಣ್ಣ ಟೈಲರ್, ನಾಲಿಗೆ ಕತ್ತರಿಗಿಂತ ಹರಿತ.

ಇವನಿಗೋ ಮೂಗಿನ ತುದೀಲೇ ಕೋಪ. ಹಟಕ್ಕೆ ಬಿದ್ದವನು ಅವತ್ತಿನಿಂದ ತನ್ನದೊಂದು ಸ್ಕ್ರೂನೂ ಬಿಚ್ಚಲಿಲ್ಲ. ಬಿಡಿಭಾಗ ಬೇಕಾದಾಗಲೆಲ್ಲ ಗುಜರಿಯಿಂದ ಹಳೇ ಮಿಷನ್ನನ್ನೇ ಹೊತ್ತು ತಂದ. ಬರುವುದು ಬರುತ್ತಲೇ ಇತ್ತು, ಕೆಟ್ಟದ್ದು ಹೋಗಲೊಲ್ಲದು. ಕೊನೆಗೆ ಮಿಷನ್ನುಗಳು ಅಂಗಡಿಯೊಳಗೆ, ಅವನು ಬೀದಿಯಲ್ಲಿ. ಗಿರಾಕಿಗಳು ಬೇರೆ ಕಡೆ ಮುಖ ಮಾಡಿದರು. ಬೀಗ ಹಾಕುವ ಮಾತು ಮನೆಯಲ್ಲಿ ಎದ್ದಿತು.

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ತಂಗಿಯ ಮಗಳು ಒಂದು ಸಂಜೆ ಬಂದಳು. ಕೂರಲು ಜಾಗ ಕಾಣದೆ ಎಣ್ಣೆ ಡಬ್ಬದ ಮೇಲೆ ಕೂತಳು.

“ಮಾವ, ರಕ್ತದಲ್ಲಿ ಬಿಳಿಕಣ ಅಂತ ಇರತ್ತೆ, ನಿನ್ನ ಹಾಗೇ. ಹೊರಗಿನ ಕ್ರಿಮಿ ಕಂಡ್ರೆ ಮೈ ಚಾಚಿ, ಸುತ್ತಿ, ಒಳಗೆ ಎಳ್ಕೊಳತ್ತೆ.”

“ನಾನು ಗುಜರಿ ಎಳ್ಕೊಂಡು ಬಂದಂಗೆ.”

“ಹ್ಞೂಂ. ಆದ್ರೆ ಅದು ತನ್ನದನ್ನೂ ತಿನ್ನತ್ತೆ.”

ತಿರುಪುಳಿ ಅವನ ಕೈಯಲ್ಲೇ ನಿಂತಿತು. “ತನ್ನನ್ನೇ ತಿಂದ್ರೆ ಸಾಯಲ್ವೇನೇ?”

“ಪೂರ್ತಿ ತಿನ್ನಲ್ಲ. ಸವೆದ ಭಾಗದ ಸುತ್ತ ಒಳಗೇ ಒಂದು ಚೀಲ ಕಟ್ಟತ್ತೆ. ಅದನ್ನ ಜೀರ್ಣ ಮಾಡಿ, ಸಿಕ್ಕ ಚೂರಲ್ಲಿ ಹೊಸದು ಮಾಡ್ಕೊಳತ್ತೆ. ಹೊಟ್ಟೆಗೆ ಕಮ್ಮಿಯಾದ್ರೆ ಇನ್ನೂ ಜಾಸ್ತಿ ತಿನ್ನತ್ತೆ.”

“ಎರಡಕ್ಕೂ ಹೊಟ್ಟೆ ಬೇರೆಯಾ?”

“ಒಂದೇ ಥರ. ಹೊರಗಿಂದ ನುಂಗಿದ್ದಾಗ್ಲಿ, ಒಳಗಿಂದಾಗ್ಲಿ, ಕೊನೆಗೆ ಜೀರ್ಣರಸದ ಚೀಲಕ್ಕೇ ಸೇರೋದು.”

“ತನ್ನದನ್ನ ತಿನ್ನದೇ ಹೋದ್ರೆ?”

ಅವಳು ಅಂಗಡಿ ತುಂಬ ಕಣ್ಣಾಡಿಸಿದಳು. “ಹಿಂಗಾಗತ್ತೆ.”

ಬೇರೆ ಯಾರೇ ಅಂದಿದ್ದರೂ ತಿರುಪುಳಿ ಹಾರಿಬರುತ್ತಿತ್ತು. ಅವನು ಗಲ್ಲ ಕೆರೆದುಕೊಂಡು ಕೇಳಿದ, “ಸವೆದದ್ದು ಯಾವುದು ಅಂತ ಅದಕ್ಕೆ ಹೆಂಗೆ ಗೊತ್ತಾಗತ್ತೆ?”

“ಎಷ್ಟೋ ಭಾಗಕ್ಕೆ ಮೊದಲೇ ಗುರುತು ಅಂಟಿಸಿರತ್ತೆ ಮಾವ.”

ಮರುದಿನ ಬೆಳಿಗ್ಗೆ ಅವನು ಸೀಮೆಸುಣ್ಣ ಹಿಡಿದು ಕೆಟ್ಟ ಮಿಷನ್ನುಗಳಿಗೆಲ್ಲ ಗೀಟು ಎಳೆದ. ಒಂದೊಂದಾಗಿ ಬಿಚ್ಚುತ್ತಾ ಹೋದಂತೆ ಮೊದಲು ನೆಲ ಕಂಡಿತು, ಆಮೇಲೆ ಗಿರಾಕಿಗಳು ಕಂಡರು. ಬೀಗದ ಮಾತು ತಾನಾಗೇ ತಣ್ಣಗಾಯಿತು.

ಹೀಗಿರುವಾಗ ಅಣ್ಣನೇ ಮಿಷನ್ ಹೊತ್ತು ಬಂದ. ಕೆಳಗಿನ ದಾರ ಹಿಡಿಯುವ ಶಟಲ್ ಮುರಿದಿತ್ತು, ಆ ಹಳೇ ಮಾದರಿಯದು ಪೇಟೆಯಲ್ಲೆಲ್ಲೂ ಇಲ್ಲ. ಇವನು ಗೀಟೆಳೆದ ಮಿಷನ್ನೊಂದರಿಂದ ಶಟಲ್ ಬಿಚ್ಚಿ ಕೂರಿಸಿ, ಚಿಂದಿಬಟ್ಟೆ ಮೇಲೆ ಹೊಲಿದು ತೋರಿಸಿದ.

“ಎಲ್ಲಿ ಸಿಕ್ತೋ ಇದು?”

“ಅಂಗಡೀನ ಇನ್ನೊಂಚೂರು ತಿಂದೆ.”

ಅಣ್ಣ ಕೂಲಿ ಕೊಟ್ಟು, ಕೆಮ್ಮಿ, ಮಿಷನ್ ಹೊತ್ತು ನಡೆದ. ಅವತ್ತೂ ಅಂಗಡಿ ತುಂಬ ಗಿರಾಕಿಗಳಿದ್ದರು. ಆಡಿದ ಮಾತನ್ನು ಮಾತ್ರ ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಬಾಕಿ ಇನ್ನೂ ಹಾಗೇ ಇದೆ.